ಬ್ರಾಂದಿ ಅಂಗಡಿಯಲ್ಲಿ ಬಿಟ್ಟ ಕೊಡೆ

ಅರವತ್ತರ ದಶಕದ ಕೊನೆಯ ಮಾತು. ಮದುವೆಯಾಗಿ ಜಯನಗರಕ್ಕೆ ಬಂದ ಎರಡನೇ ವರ್ಷ, ಅಲ್ಲೇ ಒಂದು ಪ್ರೈಮರಿ ಶಾಲೆಯಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿತು. ಸೊಸೆ ಹೊರಗೆ ದುಡಿಯುವುದು ಅತ್ತೆಗೆ ಸುತರಾಂ ಇಷ್ಟವಿರಲಿಲ್ಲ. "ದಸರಾ ಮುಗೀಲಿ, ಅಮ್ಮನಿಗೆ ನಾನೇ ಹೇಳ್ತೀನಿ" ಎಂದರು ನಮ್ಮೆಜಮಾನರು. ಅಲ್ಲಿಯವರೆಗೆ ಇರಲಿ ಎಂದು ಕೆಲಸದ ಆರ್ಡರನ್ನು ನನ್ನ ಹಳೆಯ ಭೂಗೋಳದ ಪುಸ್ತಕದಲ್ಲಿ ಬಚ್ಚಿಟ್ಟೆ. ಎಂಥಾ ಜಾಣತನ! ಹಬ್ಬಕ್ಕೆ ಮನೆ ಗುಡಿಸಿ ಸಾರಿಸಿದ ಅತ್ತೆ, ಹಳೆಯ ಪುಸ್ತಕಗಳನ್ನೆಲ್ಲ ರದ್ದಿಯವನಿಗೆ ಹಾಕಿಬಿಟ್ಟರು.

ರದ್ದಿಯವನನ್ನು ಬೀದಿಯಲ್ಲಿ ಹಿಡಿದು ಕೇಳಿದೆ. ವಿಲ್ಸನ್ ಗಾರ್ಡನ್ ದಾರಿಯ ಬ್ರಾಂದಿ ಅಂಗಡಿಗೆ ಕೊಟ್ಟೆನೆಂದ. ಆ ಅಂಗಡಿಯ ಮುಂದೆ ಹಳೆಯ ಪುಸ್ತಕಗಳ ವ್ಯಾಪಾರ, ಒಳಗೆ ಬೆಂಚಿನ ಮೇಲೆ ಕುಡಿತ. ನಮ್ಮಂಥ ಮನೆಯ ಹೆಂಗಸರು ಅತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಆದರೆ ಆರ್ಡರ್ ತೋರಿಸದಿದ್ದರೆ ಶಾಲೆಯಲ್ಲಿ ಕೆಲಸಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ.

ಗೆಳತಿಯ ಮನೆಗೆ ಗೊಂಬೆ ನೋಡಲು ಹೋಗುತ್ತೇನೆಂದು ಸುಳ್ಳು ಹೇಳಿ ಮಧ್ಯಾಹ್ನ ಹೊರಟೆ. ಕೊಡೆ ಹಿಡಿದದ್ದು ಬಿಸಿಲಿಗಲ್ಲ, ಮುಖ ಮರೆಮಾಡಿಕೊಳ್ಳಲು. ಅಂಗಡಿಯ ಮೆಟ್ಟಿಲು ಹತ್ತಿದೆ. ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಪೇರಿಸಿ, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟಿದ್ದರು. ನನ್ನ ಭೂಗೋಳ ಮೇಲಿನಿಂದ ಮೂರನೆಯದು. ಅದನ್ನು ಕೊಡಿ ಎಂದೆ.

"ಸರಸ್ವತಿ ಪೂಜೆಗಿಟ್ಟಿದ್ದೀನಿ ತಾಯಿ" ಎಂದರು ಮಾಲೀಕರು, ನರೆತ ಮೀಸೆಯವರು. "ವಿಜಯದಶಮಿ ತನಕ ಮುಟ್ಟೋ ಹಾಗಿಲ್ಲ."

ಬ್ರಾಂದಿಗೆ ರಜೆಯಿಲ್ಲ, ಪುಸ್ತಕಕ್ಕೆ ರಜೆ! ಸಿಟ್ಟು ಬಂತು. ಆದರೆ ಬೆಳಿಗ್ಗೆ ಮನೆಯಲ್ಲಿ ನಾನೂ ಪುಸ್ತಕ ಪೂಜೆಗಿಟ್ಟು ಬಂದವಳೇ, ಯಾವ ಬಾಯಲ್ಲಿ ವಾದಿಸಲಿ? ಒಳಗಿನವರ ಕಿವಿಗೆ ಬಿದ್ದೀತೆಂದು ಆರ್ಡರಿನ ವಿಷಯ ಎತ್ತದೆ ವಾಪಸಾದೆ. ಹಬ್ಬದ ಉಳಿದ ದಿನಗಳಲ್ಲಿ ಅತ್ತೆ ಕರೆದಾಗಲೆಲ್ಲ ಬೆಚ್ಚಿಬಿದ್ದೆ.

ವಿಜಯದಶಮಿಯಂದು ಮತ್ತೆ ಹೋಗಿ ಭೂಗೋಳದ ಪುಸ್ತಕ ಕೇಳಿದೆ. ಮಾಲೀಕರು ಮಂಗಳಾರತಿ ಮಾಡಿ, ಪುಸ್ತಕ ಕಣ್ಣಿಗೊತ್ತಿಕೊಂಡು ಬಿಡಿಸಿದರು. ಕಾಗದ ಕೆಳಗೆ ಬಿತ್ತು. ಎತ್ತಿಕೊಂಡು ಓದಿದರು. "ಟೀಚರಾ ತಾಯಿ? ಅದೂ ನಮ್ಮ ಜಯನಗರದ ಸ್ಕೂಲಿಗೇ! ಒಳ್ಳೇದಾಗ್ಲಿ." ಅಷ್ಟರಲ್ಲಿ ಒಳಗಿನಿಂದ ಒಬ್ಬ ಬಾಯಿ ಒರೆಸಿಕೊಳ್ಳುತ್ತಾ ಬಂದು ನನ್ನನ್ನೇ ದಿಟ್ಟಿಸಿದ. ಕಾಗದ ಕಿತ್ತುಕೊಂಡು ಓಡಿದೆ. ಕೊಡೆಯ ನೆನಪಾದದ್ದು ನಮ್ಮ ಬೀದಿ ತಲುಪಿದ ಮೇಲೆ.

ಮಗನ ಮಾತಿಗೆ ಅತ್ತೆ ಹೇಗೋ ಒಪ್ಪಿದರು. "ಯಾರ ಬಾಯಲ್ಲಾದ್ರೂ ಒಂದು ಮಾತು ಬಂತೋ, ಅವತ್ತೇ ಕೆಲಸ ಬಿಡ್ಬೇಕು" ಎಂದರು.

ಮೊದಲ ದಿನ ಹೆಡ್‌ಮೇಡಂ ಎದುರು ನಿಂತಿದ್ದೆ. ಬಾಗಿಲಲ್ಲಿ ಅದೇ ನರೆತ ಮೀಸೆ. ಚಪ್ಪಲಿ ಹೊರಗೆ ಬಿಟ್ಟು, ಎರಡೂ ಕೈಯಲ್ಲಿ ನನ್ನ ಕೊಡೆ ಹಿಡಿದಿದ್ದರು. "ಹೊಸ ಟೀಚರಮ್ಮನವ್ರದು..."

ಹೆಡ್‌ಮೇಡಂ ಹುಬ್ಬು ಗಂಟಿಕ್ಕಿದರು. "ಬ್ರಾಂದಿ ಅಂಗಡಿಯವನಲ್ವಾ? ನಿಮಗೆ ಗೊತ್ತೇನಮ್ಮಾ ಇವನು?"

"ಇಲ್ಲ ಮೇಡಂ. ಕೊಡೆ ನಂದಲ್ಲ."

ಮಾಲೀಕರು ನನ್ನ ಮುಖ ನೋಡಿದರು. "ತಪ್ಪಾಯ್ತು ಮೇಡಂ, ಬೇರೆ ಸ್ಕೂಲಿರ್ಬೇಕು" ಎಂದು ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು.

ನಾಚಿಕೆಯಾಯಿತು ನಿಜ. ಆದರೆ ಆ ಗಳಿಗೆಯಲ್ಲಿ, ಸದ್ಯ ಬದುಕಿದೆ ಎನ್ನಿಸಿದ್ದೇ ಹೆಚ್ಚು. ಆಮೇಲೆ ಎಷ್ಟೋ ಸಲ ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಪುಸ್ತಕಗಳ ಪಕ್ಕದ ಮೊಳೆಯಲ್ಲಿ ನನ್ನ ಕೊಡೆ ನೇತಾಡುತ್ತಿತ್ತು. ಅವರು ಅದನ್ನು ಯಾರಿಗೂ ಕೊಟ್ಟಿರಲಿಲ್ಲ. ಇಳಿದು ಹೋಗಿ ಕೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ.