ಹವಾಯಿ ಕುಣಿತಕ್ಕೆ ಬಂದ ಚೀಟಿ

ನೀಲಾ, ಆ ಚೀಟಿ ಬರೆದವಳು ನಾನು.

ಎಡಗೈಯಲ್ಲಿ ಬರೆದೆ, ಅಕ್ಷರದ ಗುರುತು ಸಿಗಬಾರದೆಂದು. ಮೊದಲ ಸಲ ಬರೆದದ್ದು ಹುಡುಗಿಯ ಅಕ್ಷರದಂತೆಯೇ ಕಂಡಿತು – ಹರಿದುಹಾಕಿ ಮತ್ತೆ ಬರೆದೆ. ಎರಡು ಸಲ ಬರೆದದ್ದನ್ನು ಅಚಾತುರ್ಯ ಎನ್ನಲಾಗದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಎಲ್ಲಾದರೂ ‘ಆಗ ನಾವು ಸಣ್ಣವರು’ ಎಂಬ ಮಾತು ನನ್ನಿಂದ ಬಂದರೆ ನಂಬಬೇಡ. ಹದಿನೈದು ವರ್ಷದ ಹುಡುಗಿಗೆ ಎಲ್ಲ ಗೊತ್ತಿರುತ್ತದೆ. ನನಗೆ ಗೊತ್ತಿತ್ತು.

ಬರೆಯಲು ಕುಳಿತರೆ ಅಳು ಬಂದೀತು ಎಂದುಕೊಂಡಿದ್ದೆ. ಬರಲಿಲ್ಲ. ಚಹಾ ಮಾಡಿಕೊಂಡು ಕುಡಿದು, ಮತ್ತೆ ಬಂದು ಕುಳಿತಿದ್ದೇನೆ. ಒಳಗೆ ಏನಾದರೂ ಚುಚ್ಚುತ್ತಿದೆಯೇ ಎಂದು ನೋಡಿಕೊಳ್ಳುತ್ತೇನೆ – ಏನೂ ಇಲ್ಲ. ಮರಗಟ್ಟಿದ ಕಾಲಿಗೆ ಚಿವುಟಿದ ಹಾಗೆ, ಚಿವುಟಿದ್ದು ಕಾಣುತ್ತದೆ, ತಿಳಿಯುವುದಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾವಿಬ್ಬರೂ ಒಂಬತ್ತನೆಯ ಇಯತ್ತೆ. ಅಣ್ಣಿಗೇರಿಯಿಂದ ಒಳಗೆ ಐದಾರು ಮೈಲಿಯ ನಮ್ಮೂರಿಗೆ ಹುಬ್ಬಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದ ಭೂಗೋಳ ಕಲಿಸುವ ಅಕ್ಕೋರು – ನಿನಗೆ ನೆನಪಿದ್ದೇ ಇರುತ್ತದೆ. ಆ ವರ್ಷ ಶಾಲೆಯ ವಾರ್ಷಿಕ ಗ್ಯಾದರಿಂಗಿನ ಹುಡುಗಿಯರ ಕಾರ್ಯಕ್ರಮ ಅವರ ಪಾಲಿಗೆ ಬಂತು. “ವರ್ಷ ವರ್ಷ ಕೋಲಾಟ ಹಾಕಿ ಹಾಕಿ ಆ ಕೋಲಿಗೂ ಬ್ಯಾಸರಾಗೇತಿ. ಈ ಸಲ ನಾವು ಹವಾಯಿಗೆ ಹೋಗೂಣು” ಎಂದರು. ಭೂಪಟದಲ್ಲಿ ನೀಲಿಯ ನಡುವೆ ಸಾಸಿವೆ ಚೆಲ್ಲಿದಂತಿದ್ದ ಚುಕ್ಕಿಗಳನ್ನು ಬೆತ್ತದಿಂದ ತೋರಿಸಿದರು. ಅಲ್ಲಿ ಥಂಡಿಯೇ ಇಲ್ಲವಂತೆ. ಅಲ್ಲಿಯವರ ಕುಣಿತಕ್ಕೆ ಹುಲಾ ಎನ್ನುತ್ತಾರಂತೆ. ಗೈಡ್ಸ್ ಕ್ಯಾಂಪಿನಲ್ಲಿ ಯಾರೋ ಒಬ್ಬ ಟೀಚರ್ ಬಾಯಿ ಅವರಿಗೆ ಅದನ್ನು ಕಲಿಸಿದ್ದರಂತೆ. ಕಾಲು ಮೆಲ್ಲಗೆ, ನಡು ಮೆಲ್ಲಗೆ, ಮಾತೆಲ್ಲ ಕೈಯದು – ಇದು ತೆರೆ, ಇದು ಗಾಳಿ, ಇದು ತೆಂಗಿನ ಗರಿ, ಇದು ದೂರ ಹೋದವರನ್ನು ಮರಳಿ ಕರೆಯುವುದು.

ಸಮುದ್ರ ನೋಡದ ಆರು ಹುಡುಗಿಯರು ನಾವು. ಎಳ್ಳಮಾವಾಸ್ಯೆ ಮುಗಿದು ಜೋಳ ತೆನೆ ಹಿಡಿದ ಕಾಲ, ಬೆಳಗಿನ ಹೊತ್ತು ಬಾಯಿ ತೆರೆದರೆ ಹೊಗೆ ಬರುವಂಥ ಚಳಿ. ಶಾಲೆಯ ಹಿಂದಿನ ಬಯಲಿನಲ್ಲಿ ಸ್ವೇಟರು ಹಾಕಿಕೊಂಡು, ಮೂಗು ಸೇದುತ್ತ, ಬಿಸಿಲ ನಾಡಿನ ಕುಣಿತ ಕಲಿತೆವು. ಹುಲ್ಲಿನ ಲಂಗಕ್ಕೆ ಹುಲ್ಲೆಲ್ಲಿಯದು? ನಿಮ್ಮ ಅವ್ವ ಪುಂಡಿ ನಾರು ಕೊಟ್ಟರು. ಅದಕ್ಕೆ ಹಸಿರು ಬಣ್ಣ ಹಾಕಿದೆವು. ಹೆಡ್ ಮಾಸ್ತರರು ನಾರನ್ನು ಉದ್ದ ಲಂಗದ ಮೇಲೆಯೇ ಕಟ್ಟಬೇಕು, ಕುಬುಸದ ತೋಳು ಮುಂಗೈತನಕ ಇರಬೇಕು ಎಂದು ಕಟ್ಟಪ್ಪಣೆ ಮಾಡಿದ್ದರು. ಡ್ರಾಯಿಂಗ್ ಮಾಸ್ತರರು ರಟ್ಟಿನಲ್ಲಿ ಮಾಡಿದ ತೆಂಗಿನಮರ ನೆಟ್ಟಗೆ ನಿಲ್ಲಿಸಿದ ಕಸಬರಿಗೆಯ ಹಾಗಿತ್ತು. ಎಷ್ಟು ನಕ್ಕಿದ್ದೆವು! ಆ ತಿಂಗಳಷ್ಟು ಖುಷಿಯಾಗಿ ನಾನು ಆಮೇಲೆ ಯಾವತ್ತಾದರೂ ಇದ್ದೆನೇ – ಲೆಕ್ಕ ಸಿಗುವುದಿಲ್ಲ.

ನಿನ್ನನ್ನು ಕುಣಿತಕ್ಕೆ ಕಳಿಸಲು ನಿಮ್ಮಪ್ಪ ಒಪ್ಪಿರಲಿಲ್ಲ. ಅಣ್ಣಿಗೇರಿಯ ಅಡತಿ ಅಂಗಡಿಯಲ್ಲಿ ಕಾಳು ತೂಗುವ ಕೆಲಸದ ಕಾಕಾ – ಊರಲ್ಲಿ ಅವರ ಮಾತಿಗೂ ತೂಕವಿತ್ತು, ಹೆಚ್ಚು ಮಾತೂ ಇರಲಿಲ್ಲ. ಅಂದು ಅವರು ಸೈಕಲ್ಲಿಳಿದು ಕಾಲು ತೊಳೆಯುತ್ತಿದ್ದರು. ಕೇಳಲು ಹೋದವಳು ನಾನೇ.

“ಹಾಡಿನ ಜೋಡಿ ಕೈ ತೋರಸೂದಷ್ಟರಿ ಕಾಕಾ. ನಾನೂ ಇರ್ತೀನ್ರಿ. ಆಕಿನ್ನ ನಾನ ಕರ್ಕೊಂಡ ಹೋಗಿ, ನಾನ ಮನೀಗೆ ಬಿಡ್ತೀನ್ರಿ.”

ಕಾಕಾ ಟವೆಲಿನಲ್ಲಿ ಕಾಲೊರೆಸಿಕೊಂಡು ನನ್ನನ್ನು ನೋಡಿದರು. “ನಿನ್ನ ಮ್ಯಾಲೆ ಬಿಟ್ಟೇನಿ ಮತ್ತ, ಸರೋಜಾ” ಎಂದರು.

ಮೊದಲು ಮುಂದಿನ ಸಾಲಿನ ನಡುವೆ ನಿಲ್ಲುತ್ತಿದ್ದವಳು ನಾನು. ಗ್ಯಾದರಿಂಗಿಗೆ ಹತ್ತು ದಿನವಿದ್ದಾಗ ಅಕ್ಕೋರು ನನ್ನ ಕೈ ನೋಡಿ, “ಸರೋಜಾ, ಹಿಟ್ಟ ನಾದಿದಂಗ ಆಡಸಾಕತ್ತೀಯಲ್ಲ ಬೇ! ಹಿಂದ ನಿಂದ್ರು. ನೀಲಾ, ನೀ ಮುಂದ ಬಾ” ಎಂದರು. ಎಲ್ಲರೂ ನಕ್ಕರು. ನೀನೂ ನಕ್ಕೆ. ನಾನೂ ನಕ್ಕೆ. ನಗುತ್ತಲೇ ಹಿಂದಿನ ಸಾಲಿಗೆ ಹೋಗಿ, ರಟ್ಟಿನ ಮರದ ಬಾಜು ನಿಂತೆ. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡದೊಂದು ಕಾರಣ ಸಿಕ್ಕೀತೇನೋ ಎಂದು ಇಷ್ಟು ವರ್ಷ ಹುಡುಕಿದ್ದೇನೆ. ಹೊಟ್ಟೆಕಿಚ್ಚು – ಒಂದೇ ಶಬ್ದ, ಸಾಕು.

ನಮ್ಮ ಕಡೆ ಗ್ಯಾದರಿಂಗಿನಲ್ಲಿ ಚೀಟಿ ಕಳಿಸುವ ರೂಢಿ. ಹುಡುಗನೊಬ್ಬ ಚೆನ್ನಾಗಿ ಹಾಡಿದರೆ, ಪಾತ್ರ ಮಾಡಿದರೆ, ನೋಡಲು ಬಂದವರು ಚೀಟಿಯಲ್ಲಿ ತಮ್ಮ ಹೆಸರು ಬರೆದು, ಒಳಗೊಂದು ನೋಟು ಮಡಿಚಿಟ್ಟು, ಸ್ಟೇಜಿನ ಬದಿಯ ತಾಟಿನಲ್ಲಿ ಹಾಕುತ್ತಿದ್ದರು. ಕನ್ನಡದ ಮಾಸ್ತರರು ಅದನ್ನು ಮೈಕಿನಲ್ಲಿ ಓದುತ್ತಿದ್ದರು. ಹುಡುಗಿಯರಿಗೆ ಮಾತ್ರ ನೋಟಿಲ್ಲ – ಪೆನ್ನು, ಕಂಪಾಸು, ಸ್ಟೀಲಿನ ಬಟ್ಟಲು. ಯಾರೂ ಬರೆದಿಟ್ಟ ಕಾಯದೆಯಲ್ಲ. ಆದರೆ ಕುಣಿದ ಹೆಣ್ಣಿಗೆ ನೋಟು ಬರುವುದು ಎಲ್ಲಿ ಎಂಬುದು ಎಲ್ಲರಿಗೂ ಗೊತ್ತಿತ್ತು – ಟೆಂಟು ಹಾಕಿ ಆಡುವ ನಾಟಕ ಕಂಪನಿಯಲ್ಲಿ. ಹೆಸರು ಹಾಕದೆ ‘ಅಭಿಮಾನಿ’ ಎಂದು ಬರೆಯುವುದೂ ಅಲ್ಲಿಯೇ.

ಗ್ಯಾದರಿಂಗಿನ ದಿನ ಮಧ್ಯಾಹ್ನ, ನಿನಗೆ ನಿಮ್ಮವ್ವ ಹೆರಳು ಹಾಕುತ್ತಿದ್ದಾಗ, ನಾನು ಖಾಲಿ ಕ್ಲಾಸಿನಲ್ಲಿ ಕುಳಿತು ಬರೆದೆ. ಎರಡು ರೂಪಾಯಿಯ ನೋಟು ಇಟ್ಟೆ. ಹೂವಿಗೆಂದು ಅವ್ವ ಕೊಟ್ಟದ್ದು. ಸ್ಟೇಜು ಹತ್ತುವ ಮೊದಲು ಯಾರಿಗೂ ಕಾಣದಂತೆ ಚೀಟಿಯನ್ನು ತಾಟಿಗೆ ಹಾಕಿದೆ. ನಿನ್ನ ಮಾನ ಹೋಗಲಿ ಎಂದು ಬಯಸಿದ್ದೆನೇ? ಒಂದಿಷ್ಟು ಹೋಗಲಿ ಎಂದಿದ್ದೆ. ಎಷ್ಟು ಎಂದು – ಅದನ್ನೆಲ್ಲ ಅಳೆದು ಯಾರು ಮಾಡುತ್ತಾರೆ?

ನಾವು ಸ್ಟೇಜು ಹತ್ತಿದಾಗ ಹೊತ್ತು ಮುಳುಗುವುದರಲ್ಲಿತ್ತು. ಮಂದಿ ಕಂಬಳಿ, ಶಾಲು ಹೊದ್ದು ಕುಳಿತಿದ್ದರು. ಅಕ್ಕೋರು ಮೈಕಿನಲ್ಲಿ, “ಎಲ್ಲಾರೂ ಕಂಬಳಿ ತಗೀರ್ರಿ, ಹವಾಯಿ ಬಂತು!” ಎಂದಾಗ ಬಯಲೆಲ್ಲ ನಕ್ಕಿತು. ಡ್ರಾಯಿಂಗ್ ಮಾಸ್ತರರು ಬುಲ್‌ಬುಲ್ ತರಂಗ ಬಾರಿಸಿದರು. ಸ್ಟೇಜಿಗೆಂದು ಜೋಡಿಸಿ ಜಮಖಾನೆ ಹಾಸಿದ್ದ ಬೆಂಚುಗಳು ಅಂಗಾಲಿಗೆ ತಣ್ಣಗೆ ಹತ್ತುತ್ತಿದ್ದವು. ನೀನು ಮುಂದೆ, ಕೊರಳಲ್ಲಿ ಸೇವಂತಿಗೆ ಮಾಲೆ. ದೂರ ಹೋದವರನ್ನು ಕರೆಯುವ ಜಾಗಕ್ಕೆ ಬಂದಾಗ ನಿನ್ನ ಕೈ ಹೇಗೆ ಕರೆಯಿತೆಂದರೆ, ಹೆಂಗಸರ ಸಾಲಿನಿಂದ ಒಬ್ಬ ಮುದುಕಿ, “ಬಂದೆ ತಡಿಯವಾ, ಮೊಣಕಾಲ ಹಿಡ್ಕೊಂಡಾವು!” ಎಂದು ಕೂಗಿದಳು. ಜನ ಬಿದ್ದು ಬಿದ್ದು ನಕ್ಕರು. ಕಾಕಾನೂ ನಕ್ಕರು – ನಾನು ನೋಡಿದೆ. ಅವರ ಹಲ್ಲು ಕಂಡದ್ದು ಅವತ್ತೊಂದೇ ದಿನ.

ಆ ಗಳಿಗೆಯಲ್ಲಿ ನನಗೆ ಚೀಟಿಯ ನೆನಪಾಯಿತು. ತಾಟು ನನ್ನಿಂದ ಮೂರು ಹೆಜ್ಜೆ. ಕುಣಿತ ಮುಗಿದು ಪರದೆ ಎಳೆಯುವ ಗದ್ದಲದಲ್ಲಿ ಹೋಗಿ ತೆಗೆಯಬಹುದಿತ್ತು. ತೆಗೆಯಬೇಕೆಂದು ಅನಿಸಿತು. ಅನಿಸಿದ್ದು ನಿಜ. ಆದರೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಅದೆಲ್ಲ ನಿನಗೇ ಬೀಳುತ್ತಿತ್ತು, ಮತ್ತು ನಾನು – ನಿಂತಲ್ಲೇ ನಿಂತೆ.

ಮಾಸ್ತರರು ನಮ್ಮ ಆರೂ ಜನರನ್ನು ಸಾಲಾಗಿ ನಿಲ್ಲಿಸಿ ಚೀಟಿ ಓದತೊಡಗಿದರು. ಮೊದಲು ಯಾರೋ ಎಲ್ಲರಿಗೂ ಪೆನ್ನು ಕೊಟ್ಟದ್ದು. ಆಮೇಲೆ ನನ್ನದು. ಬೆಳಕು ಕಡಿಮೆ, ಕಣ್ಣಿಗೆ ಹತ್ತಿರ ಹಿಡಿದು ಓದುತ್ತ ಹೋದರು: “ಮುಂದಿನ ಸಾಲಿನ ಕುಮಾರಿ ನೀಲಾಳ ಕುಣಿತಕ್ಕೆ ಮನಸೋತು – ಎರಡು ರೂಪಾಯಿ – ಒಬ್ಬ ಅಭಿಮಾನಿ.” ಓದಿ ಮುಗಿಸಿದ ಮೇಲೆ ಅವರಿಗೆ ತಾವು ಏನು ಓದಿದೆವೆಂದು ತಿಳಿಯಿತು. ಅಷ್ಟರಲ್ಲಿ ಹಿಂದಿನಿಂದ ಸೀಟಿ ಬಿತ್ತು. “ವನ್ಸ್ ಮೋರ್!” ಎಂದ ಯಾವನೋ. ನಗು ಎದ್ದಿತು. ಈ ಸಲದ ನಗು ಬೇರೆ.

ಕಾಕಾ ಎದ್ದು ಬಂದರು. ಬೈಯಲಿಲ್ಲ. ಸ್ಟೇಜಿನ ಕೆಳಗೆ ನಿಂತು, “ನೀಲಾ, ಇಳಿ” ಎಂದರು. ನೀನು ಇಳಿದೆ. ನಾರಿನ ಲಂಗದ ಮೇಲೆ ತಮ್ಮ ಕಂಬಳಿ ಹೊದಿಸಿ, ಕೈ ಹಿಡಿದು ಕರೆದುಕೊಂಡು ಹೋದರು. ನಿನ್ನನ್ನು ಮನೆಗೆ ಬಿಡುತ್ತೇನೆ ಎಂದು ಮಾತು ಕೊಟ್ಟವಳು ಮೇಲೆಯೇ ನಿಂತಿದ್ದೆ.

ಆದರೆ ನೀಲಾ, ನಾನು ಒಪ್ಪಿಕೊಳ್ಳಬೇಕಾದ ನಿಜವಾದ ತಪ್ಪು ಇದಲ್ಲ. ಅದು ನಾಲ್ಕು ದಿನ ಬಿಟ್ಟು ನಡೆದದ್ದು. ನೀನು ಶಾಲೆಗೆ ಬರಲಿಲ್ಲವೆಂದು ಅಕ್ಕೋರು ನನ್ನನ್ನೂ ಕರೆದುಕೊಂಡು ನಿಮ್ಮ ಮನೆಗೆ ಬಂದರು. ನೀನು ಒಳಗೆ ಒಲೆಯ ಮುಂದಿದ್ದೆ. ಹುಡುಗಿ ಶಾಣ್ಯಾ ಇದ್ದಾಳೆ, ನರ್ಸ್ ಆಗಬೇಕು ಎನ್ನುತ್ತಾಳೆ, ಇನ್ನೊಂದು ವರ್ಷ ಕಳೆದರೆ ಮ್ಯಾಟ್ರಿಕ್ ಆಗುತ್ತದೆ ಎಂದು ಅಕ್ಕೋರು ಕೈಮುಗಿದು ಕೇಳಿದರು. ತಪ್ಪು ತಮ್ಮದೇ ಎಂದೂ ಹೇಳಿದರು. ಅವರದೇನಿತ್ತು?

ಕಾಕಾ ಅಕ್ಕೋರಿಗೆ ಕೂಡಲು ಚಾಪೆ ಹಾಸಿದರು. ಆಮೇಲೆ ಹೇಳಿದರು: “ನಿಮ್ಮದೇನ ತಪ್ಪಿಲ್ರಿ ಅಕ್ಕೋರ. ಆಕೀದೂ ಇಲ್ಲ. ಚೀಟಿ ಬರದಾಂವ ಯಾಂವ ಅಂತ ಗೊತ್ತಾಗಲಿ, ನಾಳೆನ ಸಾಲಿ ಕಲಿಯಾಕ ಕಳಸ್ತೀನಿ. ಯಾಂವ ಕಣ್ಣಿಟ್ಟಾನ ಅಂತ ಗೊತ್ತಿಲ್ಲದ ಆ ದಾರ್‍ಯಾಗ ಹೆಂಗ ಕಳಸ್ಲಿ, ಹೇಳ್ರಿ?” ಮತ್ತೆ ನನ್ನ ಕಡೆ ತಿರುಗಿದರು. “ಸರೋಜಾ, ನಿನಗೇನರ ಗೊತ್ತೈತೇನವಾ?”

ಒಲೆಯ ಮುಂದೆ ನಿನ್ನ ಊದುಗೊಳವೆ ನಿಂತಿತು. ನೀನು ಕೇಳಿಸಿಕೊಳ್ಳುತ್ತಿದ್ದೆ.

“ಇಲ್ರಿ ಕಾಕಾ” ಎಂದೆ.

ಹೌದು, ನಾನೇ, ಹೊಟ್ಟೆಕಿಚ್ಚಿನಿಂದ ಮಾಡಿದೆ ಎಂದಿದ್ದರೆ? ಎರಡು ಏಟು ಬೀಳುತ್ತಿದ್ದವು. ಊರಿನ ಮಂದಿ ನಕ್ಕು ಮರೆಯುತ್ತಿದ್ದರು – ಹುಡುಗಿಯರ ಜಗಳ, ಬಿಡ್ರಿ ಎಂದು. ನೀನು ಮರುದಿನ ಪಾಟಿಚೀಲ ಹಾಕಿಕೊಂಡು ಬರುತ್ತಿದ್ದೆ. ಎರಡು ಏಟಿನ ಬದಲಿಗೆ ನಿನ್ನ ಓದು ಕೊಟ್ಟೆ. ಮುಂದಿನ ವರ್ಷ ನಿನ್ನನ್ನು ದುಮ್ಮವಾಡಕ್ಕೆ ಮದುವೆ ಮಾಡಿಕೊಟ್ಟರು. ನಾನು ಮದುವೆಗೆ ಬಂದೆ, ನಿನಗೆ ಮೆಹಂದಿ ಹಚ್ಚಿದೆ. ಬಲಗೈಯಿಂದ.

ನಾನು ಓದಿದೆ. ಅಕ್ಕೋರೂ ಆದೆ. ನನ್ನ ಶಾಲೆಯ ಗ್ಯಾದರಿಂಗಿನಲ್ಲಿ ಒಂದೊಂದು ಚೀಟಿಯನ್ನೂ ನಾನೇ ಮೊದಲು ಓದಿ ಮೈಕಿಗೆ ಕಳಿಸುತ್ತಿದ್ದೆ. ಭಾಳ ಶಿಸ್ತಿನ ಬಾಯಿ ಎಂದು ಹೆಸರು ಬಂತು. ನಿವೃತ್ತಿಯ ದಿನ ಭಾಷಣದಲ್ಲಿಯೂ ಅದನ್ನೇ ಹೊಗಳಿದರು. ತಲೆಬಾಗಿಸಿ ಹಾರ ಹಾಕಿಸಿಕೊಂಡೆ.

ಹೋದ ವರ್ಷ ಮಿಶ್ರಿಕೋಟಿಯ ಮದುವೆಯಲ್ಲಿ ನೀನು ಸಿಕ್ಕಿದೆ. ಪಂಕ್ತಿಯಲ್ಲಿ ನನ್ನ ಬಾಜು ಕುಳಿತೆ. ಕಾಕಾ ತೀರಿ ನಾಲ್ಕು ವರ್ಷವಾಯಿತೆಂದು ನೀನು ಹೇಳಿದೆ. “ಕಡೀತನಕಾ ಕೇಳಿದ ಅಪ್ಪ – ಯಾಂವ ಅಂವ, ಈಗರ ಹೇಳವಾ, ಸಿಟ್ಟ ಮಾಡೂದಿಲ್ಲ ಅಂತ. ನನಗ ಗೊತ್ತಿದ್ರ ಹೇಳ್ತಿದ್ದಿಲ್ಲೇನ ಸರೋಜಾ? ನನ್ನ ಮಾತ ಅಂವಗ ನಂಬಿಗಿ ಬರಲೇ ಇಲ್ಲ.” ಅಷ್ಟು ಹೇಳಿ ನೀನು ಅಳುತ್ತೀ ಎಂದುಕೊಂಡೆ. ನೀನು ನಕ್ಕೆ. ನನ್ನ ಕಿವಿಗೆ ಬಾಗಿ ಹೇಳಿದೆ: “ಒಂದ ಮಾತ ಹೇಳ್ಲಿ, ನಗಬ್ಯಾಡ. ಮನ್ಯಾಗ ಯಾರರ ಏನರ ಅಂದಾಗ, ಭಾಳ ಬ್ಯಾಸರಾದಾಗ, ನಾ ಅಂವನ್ನ ನೆನಸ್ಕೋತೇನಿ. ಯಾಂವ ಇದ್ದನೋ ಏನೋ. ನನ್ನ ಕುಣಿತಕ್ಕ ಮನಸೋತಾಂವ ಒಬ್ಬ ಇದ್ದನಲ್ಲ.”

ನನ್ನ ಎಲೆಯಲ್ಲಿದ್ದ ಹೋಳಿಗೆ ಪೂರ್ತಿ ತಿಂದೆ. ರುಚಿಯೂ ತಿಳಿಯಿತು. ಅದರಿಂದಲೇ ನನಗೆ ಹೆದರಿಕೆಯಾಯಿತು.

ಅಂಥವನೊಬ್ಬ ಇರಲಿಲ್ಲ, ನೀಲಾ. ಇದನ್ನು ಹೇಳದೆ ಬಿಟ್ಟರೆ ಅವನಾದರೂ ನಿನಗೆ ಉಳಿಯುತ್ತಾನಲ್ಲ ಎಂದು ಒಂದು ವರ್ಷ ಯೋಚಿಸಿದೆ. ಆಮೇಲೆ ತಿಳಿಯಿತು – ಇದೂ ಅದೇ ‘ಇಲ್ರಿ ಕಾಕಾ’. ನಿನ್ನ ಒಳಿತಿನ ಹೆಸರು ಹೇಳಿ ನನ್ನನ್ನೇ ಉಳಿಸಿಕೊಳ್ಳುವುದು. ಕಾಕಾನಿಗೆ ಹೇಳುವ ಕಾಲ ಮುಗಿಯಿತು. ನಿನ್ನನ್ನು ಸುಳ್ಳಿ ಎಂದುಕೊಂಡೇ ಅವರು ಹೋದರು. ಅದನ್ನು ಸರಿಮಾಡುವ ದಾರಿ ಯಾವುದೂ ಇಲ್ಲ, ಹುಡುಕುವುದನ್ನೂ ಬಿಟ್ಟಿದ್ದೇನೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ಸೋಮವಾರ ದುಮ್ಮವಾಡದ ಬಸ್ಸು ಹತ್ತುತ್ತೇನೆ. ನಿನ್ನ ಮಗ, ಸೊಸೆ ಯಾರೇ ಮನೆಯಲ್ಲಿರಲಿ, ನಿನ್ನ ಕೈಗೇ ಕೊಡುತ್ತೇನೆ. ನೀನು ಓದಿ ಮುಗಿಸುವತನಕ ಎದುರಿಗೆ ಕುಳಿತಿರುತ್ತೇನೆ. ಎದ್ದು ಹೋಗು ಎಂದು ನೀನು ಹೇಳಿದ ಮೇಲೆ ಏಳುತ್ತೇನೆ.