ಗೋಡೆಯ ಮೇಲೆ ನಡೆದು ಬರುತ್ತಿದ್ದವರು

ಮುದ್ದೇಬಿಹಾಳದ ನನ್ನ ಬಾಡಿಗೆ ಮನೆಯ ಮಲಗುವ ಕೋಣೆಗೆ ಇರುವುದು ಒಂದೇ ಕಿಟಕಿ. ಬೇಸಿಗೆ ಬಂತೆಂದರೆ ಅದಕ್ಕೆ ಒಳಗಿನಿಂದ ದಪ್ಪ ರಟ್ಟು ಬಡಿದುಬಿಡುತ್ತೇನೆ. ರಟ್ಟಿನಲ್ಲಿ ಒಂದು ತೂತಿದೆ. ಹಿಂದೆ ಟೀವಿಯ ಕೇಬಲ್ಲು ಅಲ್ಲಿಂದ ಬರುತ್ತಿತ್ತು, ಈಗ ಟೀವಿಯೇ ಇಲ್ಲ. ಮೊನ್ನೆ ಮಧ್ಯಾಹ್ನ ಕರೆಂಟು ಹೋಗಿ, ಫ್ಯಾನು ನಿಂತು, ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಹೊತ್ತಿನಲ್ಲಿ ಬಿದ್ದುಕೊಂಡಿದ್ದಾಗ ಎದುರಿನ ಗೋಡೆಯ ಮೇಲೆ ಏನೋ ಹರಿದಾಡಿತು. ಹಲ್ಲಿ ಎಂದುಕೊಂಡೆ. ಹಲ್ಲಿಯಲ್ಲ, ಮೂರು ಚಕ್ರದ ಟಂಟಂ ಗಾಡಿ. ಚಕ್ರಗಳನ್ನು ಮೇಲೆ ಮಾಡಿಕೊಂಡು, ಹಳದಿ ಟಾಪನ್ನು ಕೆಳಗೆ ಹಾಕಿಕೊಂಡು ಗೋಡೆಯುದ್ದಕ್ಕೂ ಓಡಿತು. ಸದ್ದು ಒಂದು ದಿಕ್ಕಿಗೆ ಹೋದರೆ ಗಾಡಿ ಇನ್ನೊಂದು ದಿಕ್ಕಿಗೆ ಹೋಯಿತು. ಅದರ ಹಿಂದೆಯೇ ಒಬ್ಬ ಹೆಂಗಸು ಕೊಡೆ ಹಿಡಿದು ತಲೆ ಕೆಳಗಾಗಿ ನಡೆದು ಹೋದಳು.

ನೀವೂ ಎಂದಾದರೂ ಇದನ್ನು ನೋಡಿರಬಹುದು. ಹೊರಗೆ ಉರಿಬಿಸಿಲು, ಒಳಗೆ ಕತ್ತಲು, ನಡುವೆ ಸಣ್ಣದೊಂದು ತೂತು. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಮೇಣದಬತ್ತಿಯ ಚಿತ್ರ ಹಾಕಿ ವಿವರಿಸಿರುತ್ತಾರೆ. ಅಚ್ಚರಿಪಡುವಂಥದ್ದೇನೂ ಇಲ್ಲ. ಆದರೂ ನಾನು ಎದ್ದು ಕೂತೆ. ಕಾರಣ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಿಮಗೆ ಅವಸರವಿಲ್ಲ ಎಂದುಕೊಳ್ಳುತ್ತೇನೆ. ಕರೆಂಟು ಬರುವುದು ಹೇಗೂ ತಡ.

ನನಗೆ ನಾಲ್ಕು ತುಂಬುವ ಮೊದಲೇ ಅಪ್ಪ ತೀರಿಕೊಂಡ. ಇಂಡಿ ಪಟ್ಟಣದ ಹತ್ತಿರದ ನಮ್ಮೂರಿನಲ್ಲಿ ಅವನದೂ ಅವನ ಅಣ್ಣನದೂ ಕೂಡಿ ಒಂದು ಲಿಂಬಿ ತೋಟವಿತ್ತು. ಅಪ್ಪನ ಫೋಟೊ ಎಂದರೆ ಮದುವೆಯದು ಮಾತ್ರ. ಅದರಲ್ಲಿ ಬಾಸಿಂಗ ಹಣೆಯಿಂದ ಮೂಗಿನವರೆಗೂ ಇಳಿದಿದೆ; ಉಳಿದ ಮುಖ ನಾಚಿಕೆಯಿಂದಲೋ ಸೆಕೆಯಿಂದಲೋ ನೆಲ ನೋಡುತ್ತಿದೆ. ಗದ್ದ ನನ್ನದರಂತೆಯೇ ಇದೆ ಎನ್ನುತ್ತಾರೆ. ಗದ್ದಗಳೆಲ್ಲ ಹೆಚ್ಚುಕಡಿಮೆ ಒಂದೇ ಎಂದು ನನ್ನ ಅಭಿಪ್ರಾಯ. ಹೀಗಾಗಿ ಅಪ್ಪನ ಬಗ್ಗೆ, ಯಾರೂ ಹೇಳಿಕೊಡದೆ, ನನ್ನದೇ ಎನ್ನುವಂತೆ ನನ್ನ ಬಳಿ ಇದ್ದದ್ದು ಒಂದೇ ನೆನಪು. ಅದರಲ್ಲಿ ಅವನು ಗೋಡೆಯ ಮೇಲೆ ನಡೆದು ಬರುತ್ತಾನೆ.

ಮನೆಯೊಳಗೆ ಕತ್ತಲು. ಸುಣ್ಣದ ಗೋಡೆ ಮಾತ್ರ ಬೆಳ್ಳಗೆ. ಅದರ ಮೇಲೆ ತಲೆಗೆ ಕೆಂಪು ಪಟಗ ಸುತ್ತಿದ ಒಬ್ಬ ಮನುಷ್ಯ, ಹೆಗಲಿಗೆ ಚೀಲ, ಬರಬರುತ್ತ ದೊಡ್ಡವನಾಗುತ್ತಾನೆ. ಮುಖ ಕಾಣುವುದಿಲ್ಲ. ಧಬ್, ಧಬ್ ಎಂದು ಹೆಜ್ಜೆಯ ಸಪ್ಪಳ, ಬಹಳ ಹತ್ತಿರದಲ್ಲಿ. ಆಮೇಲೆ ಗೋಡೆ ಒಮ್ಮೆ ಅಲುಗುತ್ತದೆ. ಆಮೇಲೆ ಬೆಳಕು ನುಗ್ಗಿ ಎಲ್ಲವೂ ಅಳಿಸಿಹೋಗುತ್ತದೆ. ಬಾಗಿಲು ತೆರೆದು ಬಂದವನು ನನ್ನನ್ನು ಎತ್ತಿಕೊಂಡನೇ, ಅವನ ಅಂಗಿಗೆ ಲಿಂಬಿಯ ವಾಸನೆ ಇತ್ತೇ, ಒಂದೂ ನೆನಪಿಲ್ಲ. ಅಪ್ಪ ಬಂದದ್ದಕ್ಕೂ ಮಾಯವಾದದ್ದಕ್ಕೂ ನಡುವೆ ಬಾಗಿಲಷ್ಟೇ ಅಂತರ.

ಹುಡುಗನಾಗಿದ್ದಾಗ ಇದನ್ನು ಯಾರಿಗೂ ತೋರಿಸದ ಗೋಲಿಯಂತೆ ಇಟ್ಟುಕೊಂಡಿದ್ದೆ. ಧಾರವಾಡದಲ್ಲಿ ಎಂ.ಎ. ಓದುವಾಗ ಒಂದು ಸಂಜೆ, ಏನು ಮೈಮರೆವೋ, ಹಾಸ್ಟೆಲಿನ ಗೆಳೆಯನಿಗೆ ಹೇಳಿಬಿಟ್ಟೆ. ಅವನು ಭೌತಶಾಸ್ತ್ರದ ವಿದ್ಯಾರ್ಥಿ. ಬಾಗಿಲಿಗೆ ತೂತಿತ್ತೇ ಎಂದು ಕೇಳಿದ. ಇತ್ತು, ಹೊರಗಿನಿಂದ ಅಗಳಿ ಎತ್ತುವ ಹಗ್ಗಕ್ಕಾಗಿ ಬೆರಳು ಹೋಗುವಷ್ಟು ತೂತು ಕೊರೆದಿದ್ದರು. ಅವನು ಚುರಮರಿ ಜಗಿಯುತ್ತ ತೀರ್ಪು ಕೊಟ್ಟ.

"ಹಂಗಾದ್ರ ನಿಮ್ಮಪ್ಪ ಕಾಲು ಮ್ಯಾಲ ಮಾಡಿ ಬರಬೇಕಿತ್ತಲೇ. ಸೀದಾ ನಡದು ಬಂದಾನ ಅಂದ್ರ ಅಂವ ಗ್ವಾಡಿ ಮ್ಯಾಲಿಂದ ಬಂದಿಲ್ಲ, ನಿನ್ನ ತಲ್ಯಾಗಿಂದ ಬಂದಾನ. ಯಾವುದೋ ಟೆಂಟ್ ಸಿನಿಮಾ ಇದ್ದೀತು ನೋಡು."

ನಾನೂ ನಕ್ಕೆ. ನಗದೆ ಇದ್ದರೆ ಅಳಬೇಕಾಗುತ್ತಿತ್ತು. ಅಂದಿನಿಂದ ಅದನ್ನು ನಂಬುವುದನ್ನು ಬಿಟ್ಟೆ. ಮುಂದೆ ಕಾಲೇಜಿನಲ್ಲಿ ಪಾಠ ಹೇಳುವವನಾದ ಮೇಲಂತೂ, ಮನುಷ್ಯನ ನೆನಪು ಎಷ್ಟು ಸುಳ್ಳುಬುರುಕ ಎನ್ನುವುದಕ್ಕೆ ಅದೇ ನನ್ನ ಒಳ್ಳೆಯ ಉದಾಹರಣೆಯಾಯಿತು. ಹುಡುಗರು ನಗುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ಇನ್ನೊಮ್ಮೆ ಹೇಳುತ್ತಿದ್ದೆ. ಹೇಳಿದಷ್ಟು ಸಲವೂ ಅಪ್ಪ ಸ್ವಲ್ಪ ಸ್ವಲ್ಪ ಸವೆಯುತ್ತಿದ್ದ.

ಅವ್ವನನ್ನು ಕೇಳಲಿಲ್ಲವೇ ಎನ್ನುತ್ತೀರಿ. ಕೇಳಿದ್ದೆ. ಅಪ್ಪ ಹೋದ ಮೇಲೆ ಆಕೆ ನನ್ನನ್ನು ಕರೆದುಕೊಂಡು ಮುದ್ದೇಬಿಹಾಳದ ತವರಿಗೆ ಬಂದವಳು, ಜಂಪರು ಹೊಲೆದು ನನ್ನನ್ನು ಓದಿಸಿದವಳು. ನನ್ನ ಬಾಲ್ಯದ ಅವ್ವ ಎಂದರೆ ಹೊಲಿಗೆ ಮಷಿನ್ನಿನ ಮೇಲೆ ಬಾಗಿದ ಒಂದು ಬೆನ್ನು. ಅಪ್ಪ ಹೇಗಿದ್ದ ಎಂದು ಕೇಳಿದರೆ, "ಇದ್ರಪಾ, ಎಲ್ಲಾರಂಗ ಇದ್ರು" ಎಂದು ದಾರ ಕಚ್ಚುತ್ತಿದ್ದಳು. ತನ್ನ ಪಾಲಿನ ಅಪ್ಪನನ್ನು ತಾನೇ ಇಟ್ಟುಕೊಂಡಿದ್ದಾಳೆ, ನನಗೆ ಕೊಡುವುದಿಲ್ಲ ಎಂದು ಒಳಗೊಳಗೇ ಸಿಟ್ಟಿತ್ತು. ಈಗ ಅವ್ವನೂ ಹೋಗಿ ವರ್ಷಗಳಾದವು.

ಆ ಟಂಟಂ ಗಾಡಿ ಗೆಳೆಯನ ತೀರ್ಪಿಗೆ ಮೊಹರು ಒತ್ತಿದಂತಾಯಿತು. ತಲೆಕೆಳಗಾಗಿಯೇ ಬರಬೇಕು, ಬಂತು. ಆದರೆ ಕೊಡೆ ಹಿಡಿದ ಆ ಹೆಂಗಸಿಗೆ ಮುಖವಿರಲಿಲ್ಲ. ಬಣ್ಣವಿತ್ತು, ನಡಿಗೆಯಿತ್ತು, ಅಂಚು ಮಾತ್ರ ನೀರಿನಲ್ಲಿ ಅದ್ದಿದಂತೆ ಮಸುಕು. ನನ್ನ ನೆನಪಿನ ಮನುಷ್ಯ ಇದ್ದದ್ದು ಥೇಟ್ ಹೀಗೆಯೇ. ಸಿನಿಮಾದವರು ಹೀಗಿರುವುದಿಲ್ಲ. ಅದೇ ವಾರ ದೊಡ್ಡಪ್ಪನ ಮಗ ಮಲ್ಲಣ್ಣ ಊರಿನಿಂದ ಫೋನು ಮಾಡಿದ್ದ: ಮನೆಯ ಮುಂಭಾಗದಲ್ಲಿ ಪೈಪಿನ ಅಂಗಡಿ ತೆಗೆಯುತ್ತಿದ್ದಾನೆ, ಹಳೆಯ ಬಾಗಿಲು ಕಿತ್ತು ಶಟರು ಹಾಕಿಸುತ್ತಾನೆ, ಬೇಕಾದರೆ ಬಾಗಿಲನ್ನು ನಾನು ಒಯ್ಯಬಹುದು. ಬೇಡ ಎಂದು ಫೋನು ಇಟ್ಟಿದ್ದೆ. ಈಗ ನಾನೇ ಫೋನು ಮಾಡಿ, ನಾನು ಬರುವವರೆಗೆ ಬಾಗಿಲು ಮುಟ್ಟಬೇಡ ಎಂದೆ.

ಬಸವನ ಬಾಗೇವಾಡಿಯಲ್ಲಿ ಒಂದು ಬಸ್ಸು, ಸಿಂದಗಿಯಲ್ಲಿ ಇನ್ನೊಂದು. ಸಿಂದಗಿಯಲ್ಲಿ ಪಕ್ಕಕ್ಕೆ ಬಂದು ಕೂತ ತಾಯಿಯೊಬ್ಬಳು ತನ್ನ ಕೂಸಿಗೆ ಮೊಬೈಲಿನಲ್ಲಿ ಅದರ ಅಪ್ಪನನ್ನು ತೋರಿಸುತ್ತಿದ್ದಳು. ಅಪ್ಪ ಪುಣೆಯಲ್ಲಿದ್ದ. ಸೀದಾ ನಿಂತಿದ್ದ, ಮುಖ ಸ್ಪಷ್ಟವಾಗಿತ್ತು, ಮಾತೂ ಆಡುತ್ತಿದ್ದ. ಕೂಸು ನೋಡುತ್ತಿದ್ದದ್ದು ಮಾತ್ರ ಅವಳ ಬಳೆಗಳನ್ನು. ದೊಡ್ಡದಾದ ಮೇಲೆ ಅದಕ್ಕೆ ಯಾವುದು ಉಳಿದೀತು, ಯಾರು ಹೇಳಬಲ್ಲರು?

ಮಲ್ಲಣ್ಣ ಕಟ್ಟೆಯ ಮೇಲೆಯೇ ಕಾಯುತ್ತಿದ್ದ. ಬಾಗಿಲು ಕೀಳಲು ಬಂದ ಇಬ್ಬರು ಆಳುಗಳು ಬೇವಿನ ನೆರಳಲ್ಲಿ ಬೀಡಿ ಸೇದುತ್ತಿದ್ದರು.

"ಬರ್ರಿ ಪ್ರೊಫೆಸರ್ ಸಾಹೇಬ್ರ. ಮಂದಿ ಬಾಗಲಾ ಒಯ್ಯಾಕ ಬರ್ತಾರ, ನೀ ಅದರ ತೂತಾ ನೋಡಾಕ ಬಂದಿ."

"ಸುಮ್ಮನಿರೋ," ಒಳಗಿನಿಂದ ದೊಡ್ಡವ್ವ, ಅವನ ತಾಯಿ, ಗದರಿದಳು. "ಯಾವುದಕ್ಕರ ಬರಲಿ, ಬಂದಾನಲ್ಲ. ರೊಟ್ಟಿ ಉಂಡು ಆಮ್ಯಾಲ ತೂತಾ ನೋಡಲಿ."

ಧೂಳು ಬರುತ್ತದೆಂದು ಯಾರೋ ತೂತಿಗೆ ಅರಿವೆ ತುರುಕಿ ವರ್ಷಗಳಾಗಿದ್ದವು. ಮಲ್ಲಣ್ಣ ಅದನ್ನು ಮೊಳೆಯಿಂದ ಕೆದಕಿ ತೆಗೆದ. ಹಿತ್ತಿಲ ಬಾಗಿಲು ಹಾಕಿದೆವು. ಮಾಳಿಗೆ ಹತ್ತಿ ಬೆಳಕಿಂಡಿಯ ಮೇಲೆ ಬುಟ್ಟಿ ಕವುಚಿದೆವು. ಸುಣ್ಣದ ಗೋಡೆಗೆ ಈಗ ಹಸಿರು ಬಣ್ಣ ಬಂದಿತ್ತು. ಅದಕ್ಕೆ ದೊಡ್ಡಪ್ಪನ ಹಳೆಯ ಬಿಳಿ ಧೋತರ ಕಟ್ಟಿದೆವು. ಮುಂಬಾಗಿಲು ಹಾಕಿ ಕತ್ತಲಲ್ಲಿ ಕೂತೆವು. ಐವತ್ತರ ಹತ್ತಿರದ ಇಬ್ಬರು ಗಂಡಸರು, ಒಬ್ಬಳು ಮುದುಕಿ, ಒಂದು ಧೋತರವನ್ನು ದಿಟ್ಟಿಸುತ್ತ. ಹೊರಗಿನ ಆಳುಗಳು ಏನೆಂದುಕೊಂಡರೋ.

ಕಣ್ಣು ಕತ್ತಲಿಗೆ ಹೊಂದಿಕೊಂಡಂತೆ ಧೋತರದ ಮೇಲೆ ಬೀದಿ ಮೂಡಿತು. ಬೇವಿನ ಮರ ಮೇಲಿನಿಂದ ಜೋತಾಡುತ್ತಿತ್ತು. ಒಂದು ಆಡು ಕಾಲು ಮೇಲೆ ಮಾಡಿ ಮೇಯುತ್ತಿತ್ತು.

"ಯಪ್ಪಾ, ಇದೇನೋ ಇದು," ಮಲ್ಲಣ್ಣನ ದನಿ ಇಳಿದಿತ್ತು. "ಹುಟ್ಟಿದಾಗಿಂದ ಇದ ಮನ್ಯಾಗ ಅದೇನಿ. ನಾ ನೋಡೇ ಇಲ್ಲಲ್ಲ."

"ನೀ ಹೆಂಗ ನೋಡ್ತಿ?" ಎಂದಳು ದೊಡ್ಡವ್ವ. "ಮಧ್ಯಾಹ್ನದಾಗ ಎಂದರ ಮನ್ಯಾಗ ಇದ್ದೀಯೇನು? ಇದು ನಮ್ಮದು. ನಾನು, ಇವರವ್ವ, ಬಾಗಲಕ್ಕ ಬೆನ್ನ ಮಾಡಿ ಗ್ವಾಡಿ ಕಡೆ ಮಾರಿ ಮಾಡಿ ಕೂಡತಿದ್ವಿ. ತಲಿ ಮ್ಯಾಲ ಸೆರಗಿಲ್ಲ, ಏನಿಲ್ಲ. ಗ್ವಾಡಿ ಮ್ಯಾಲ ಮಾವ ಬಂದ ಅಂದ್ರ ಸೆರಗು ಹೊತ್ತು ಏಳೂದು. ಅಂವ ಬಾಗಲಾ ಬಡಿಯೂದ್ರಾಗ ನಾವು ಶಾಣ್ಯಾ ಸೊಸಿಯಾರು."

"ತಲಿ ಕೆಳಗಿದ್ರ ಯಾರು ಅಂತ ಹೆಂಗ ತಿಳೀತಿತ್ತು?" ಎಂದೆ ನಾನು.

"ಮಾರಿ ಯಾಕ ಬೇಕು? ಕಾಲು ಇಡೂದ್ರಾಗ ಗುರ್ತು."

"ಗಂಡಸರಿಗೆ ಗೊತ್ತಿರಲಿಲ್ಲೇನು?" ಎಂದ ಮಲ್ಲಣ್ಣ.

"ಹೇಳಿದ್ರ ತೂತಾ ಮುಚ್ಚತಿದ್ರು," ಎಂದು ದೊಡ್ಡವ್ವ ಸದ್ದಿಲ್ಲದೆ ಮೈ ಕುಲುಕಿಸಿ ನಕ್ಕಳು.

ನಾನು ನಗಲಿಲ್ಲ. ಎದುರಿಗಿದ್ದ ಬೀದಿ ತಲೆಕೆಳಗಾಗಿತ್ತು. ನನ್ನ ಅಪ್ಪ ಸೀದಾ ಇದ್ದ. ಇಷ್ಟು ದೂರ ಬಂದು ಗೆಳೆಯನೇ ಸರಿ ಎಂದು ಕಣ್ಣಾರೆ ಕಂಡಂತಾಯಿತು. ಕತ್ತಲಿನ ಧೈರ್ಯದಿಂದ ದೊಡ್ಡವ್ವನಿಗೆ ಆ ನೆನಪನ್ನು ಹೇಳಿದೆ. ಉದಾಹರಣೆಯಾಗಿ ಅಲ್ಲ, ಹಾಸ್ಟೆಲಿನ ಆ ಸಂಜೆಯ ಮೇಲೆ ಮೊದಲ ಸಲ, ಇದ್ದದ್ದನ್ನು ಇದ್ದ ಹಾಗೆ.

"ನೀ ಎಂದ ನೆಟ್ಟಗ ಮಲಗಿದ್ದಿ ತಮ್ಮಾ?" ಎಂದಳು ಆಕೆ. "ನಿಮ್ಮವ್ವ ಮೊಣಕಾಲು ಎತ್ತಿ ಕೂಡಾಕಿ. ಆಕಿ ಕಾಲ ಮ್ಯಾಲ ಅಂಗಾತ ಬಿದ್ದು, ಆಕಿ ಪಾದದ ಕಡೆ ತಲಿ ಜೋತು ಬಿಡತಿದ್ದಿ, ಬಾವಲಿಯಂಗ. ಕೂಸಿನ ತಲಿ ಜೋತೈತಿ ಎತ್ತವ್ವ ಅಂದ್ರ, ಎತ್ತಿದ್ರ ಅಳತಾನಕ್ಕಾ ಅನ್ನಾಕಿ."

ತಲೆಕೆಳಗಾದ ಬೀದಿ. ತಲೆಕೆಳಗಾದ ಮಗು. ಎರಡು ತಪ್ಪು ಕೂಡಿ ಅಪ್ಪ ಸೀದಾ ನಿಂತಿದ್ದ.

ಸಂಶಯ ರೂಢಿಯಾದವನಿಗೆ ಅಷ್ಟಕ್ಕೇ ನಿಲ್ಲಲು ಬರುವುದಿಲ್ಲ. "ಕೆಂಪು ಪಟಗ ಅಪ್ಪಂದ ಹೌದಲ್ಲ?" ಎಂದೆ.

"ಅಣ್ಣತಮ್ಮರು ಇಬ್ಬರೂ ಸುತ್ತತಿದ್ರು. ಒಂದ ತಾನಿನ ಅರಿವಿ."

ಇಷ್ಟು ವರ್ಷ ನಾನು ದೊಡ್ಡಪ್ಪನನ್ನು ಅಪ್ಪ ಎಂದು ಇಟ್ಟುಕೊಂಡಿದ್ದೆನೇ? ದೊಡ್ಡವ್ವನಿಗೆ ನನ್ನ ಬಾಡಿದ ಮುಖ ಕತ್ತಲಲ್ಲಿಯೂ ಕಂಡಿರಬೇಕು.

"ಆಮ್ಯಾಲ ಏನಾಕ್ಕಿತ್ತಂತ ಅಂದಿ?"

"ಗ್ವಾಡಿ ಅಳಗ್ಯಾಡತಿತ್ತು. ಆಮ್ಯಾಲ ಬೆಳಕು."

"ಹಂಗಾರ ನಿಮ್ಮಪ್ಪನ," ಎಂದಳು ಆಕೆ. "ನಮ್ಮ ಮನ್ಯಾವ್ರು ಬಂದ್ರ ನಿಮ್ಮವ್ವ ನಿನ್ನ ಎತಗೊಂಡು ಅಡಗಿಮನಿಗೆ ಹೋಗಿಬಿಡಾಕಿ. ಭಾವನ ಮುಂದ ನಿಂದ್ರಬಾರದಲ್ಲ. ಬಾಗಲಾ ನಾ ತಗ್ಯಾಕಿ. ನಿಮ್ಮಪ್ಪ ಬಂದ್ರ ಮಾತ್ರ ಆಕಿ ನಿನ್ನ ಅಲ್ಲೇ ಚಾಪಿ ಮ್ಯಾಲ ಉಳ್ಳಿಸಿ ತಾನ ಎದ್ದು ಬಾಗಲಾ ತಗ್ಯಾಕಿ. ನೀ ಬೆಳಕು ಕಂಡಿ ಅಂದ್ರ ಬಂದಾಂವ ನಿಮ್ಮಪ್ಪ."

ಹೊರಗಿನಿಂದ ಆಳುಗಳು ಕೂಗಿದರು, ಹೊತ್ತಾಗುತ್ತದೆ ಎಂದು. ಮಲ್ಲಣ್ಣ ಬಾಗಿಲು ತೆರೆದ. ಧೋತರ ಬರಿಯ ಧೋತರವಾಯಿತು. ಅರ್ಧ ಗಂಟೆಯಲ್ಲಿ ಬಾಗಿಲು ಚೌಕಟ್ಟಿನ ಸಮೇತ ಬೇವಿನ ಮರಕ್ಕೆ ಒರಗಿತ್ತು, ಅದರ ತೂತಿನಲ್ಲಿ ಮರದ ತೊಗಟೆ ಕಾಣುತ್ತಿತ್ತು.

"ಒಯ್ಯೂದಿಲ್ಲಂದ್ರ ತೂತಾ ಅಷ್ಟ ಕೊಯ್ದು ಕಟ್ಟಿ ಕೊಡ್ಲೇನು?" ಎಂದ ಮಲ್ಲಣ್ಣ. ಹೇಳಿ, ತಾನೇ ನಗದೆ, ನನ್ನ ಚೀಲಕ್ಕೆ ಲಿಂಬಿ ತುಂಬತೊಡಗಿದ.

ಬಸ್ಸಿನಲ್ಲಿ ಬರುತ್ತ ದೊಡ್ಡವ್ವನ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ. ಆಕೆ ಮುದುಕಿ, ನನ್ನ ಮುಖ ಬಾಡಿದ್ದನ್ನು ನೋಡಲಾರದೆ ಹೇಳಿರಬಹುದು. ಆಕೆ ಹೇಳಿದ ಮೇಲೆ ನನ್ನ ತಲೆಯೇ ಅವ್ವನ ಕಾಲುಗಳನ್ನು ಹೊಸದಾಗಿ ತಂದು ಜೋಡಿಸುತ್ತಿರಬಹುದು. ನೆನಪಿಗೆ ಇಂಥ ಕೆಲಸ ಚೆನ್ನಾಗಿ ಬರುತ್ತದೆ, ನಾನೇ ಪಾಠ ಹೇಳಿದ್ದೇನೆ. ಆದರೆ ಒಂದು ಮಾತು ಮುಳ್ಳಿನಂತೆ ಸಿಕ್ಕಿಕೊಂಡಿತು. ಇಷ್ಟು ವರ್ಷ ಆ ನೆನಪಿನಲ್ಲಿ ನಾನು ಅಪ್ಪನನ್ನು ಮಾತ್ರ ಹುಡುಕಿದ್ದೆ. ನಾನು ಎಲ್ಲಿದ್ದೆ, ಯಾವುದರ ಮೇಲೆ ಮಲಗಿದ್ದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಗೋಡೆ ಅಲುಗಿದ್ದು ನನ್ನ ಕೆಳಗೆ ಅವ್ವನ ಕಾಲು ಅಲುಗಿದ್ದರಿಂದ; ಅಪ್ಪನನ್ನು ಅಳಿಸಿಹಾಕುತ್ತಿದ್ದ ಆ ಬೆಳಕು, ಅವನಿಗೆ ಬಾಗಿಲು ತೆರೆಯಲು ಅವ್ವ ಎದ್ದು ಹೋದದ್ದು.

ಇವತ್ತು ಮಧ್ಯಾಹ್ನ ಮತ್ತೆ ಕರೆಂಟು ಹೋಯಿತು. ಸ್ವಲ್ಪ ಹೊತ್ತು ನಾಚಿಕೊಂಡೆ. ಆಮೇಲೆ ಮಂಚದ ಮೇಲೆ ಅಂಗಾತ ಮಲಗಿ, ಹಿಂದಕ್ಕೆ ಸರಿಯುತ್ತ ಸರಿಯುತ್ತ ತಲೆಯನ್ನು ಅಂಚಿನಿಂದ ಕೆಳಗೆ ಜೋತುಬಿಟ್ಟೆ. ಕುತ್ತಿಗೆ ನೋಯಿತು. ಗೋಡೆಯ ಮೇಲೆ ಬೀದಿ ಮೆಲ್ಲಗೆ ಬಂತು, ಸೀದಾ ಬಂತು. ಮರ ನಿಂತಿತ್ತು. ಟಂಟಂ ಗಾಡಿ ಚಕ್ರದ ಮೇಲೆ ಓಡಿತು.

ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. "ಏನ್ರೀ ಇದು ಅವತಾರ? ಯಾರರ ಬರಾವ್ರದಾರೇನು?"

ಉತ್ತರ ಹೇಳಬೇಕೆನ್ನುವಷ್ಟರಲ್ಲಿ ಅದು ಕೇಳಿಸಿತು. ಧಬ್, ಧಬ್. ಬೀದಿಯಲ್ಲಿ ಯಾರೂ ಇರಲಿಲ್ಲ. ತಲೆಗೆ ಇಳಿದ ನನ್ನದೇ ರಕ್ತ ಕಿವಿಯಲ್ಲಿ ಬಡಿಯುತ್ತಿತ್ತು. ಅದು ಅಪ್ಪನ ಹೆಜ್ಜೆಯಾಗಿರಲಿಲ್ಲ, ಎಂದೂ ಆಗಿರಲಿಲ್ಲ. ಆದರೆ ಈ ಸಪ್ಪಳವನ್ನು ನನಗೆ ಯಾವ ದೊಡ್ಡವ್ವನೂ ಹೇಳಿಕೊಟ್ಟಿರಲಿಲ್ಲ, ಯಾವ ಪುಸ್ತಕವೂ ಕಲಿಸಿರಲಿಲ್ಲ. ಹೀಗೆ ತಲೆ ಜೋತುಬಿಟ್ಟು ಮಲಗಿದವನಿಗೆ ಮಾತ್ರ ಅದು ಗೊತ್ತಿರಲು ಸಾಧ್ಯ.

ಹೆಂಡತಿಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿದೆ. ಗೋಡೆಯ ಮೇಲೆ ದೂರದಲ್ಲಿ ಯಾರೋ ಒಬ್ಬರು ನಡೆದು ಬರುತ್ತಿದ್ದರು. ಮುಖ ಕಾಣುತ್ತಿರಲಿಲ್ಲ. ನಾನು ಅವರನ್ನು ನೋಡುತ್ತಿರಲಿಲ್ಲ. ನನ್ನ ಬೆನ್ನ ಕೆಳಗಿನ ಕಾಲುಗಳು ಯಾವಾಗ ಅಲುಗುತ್ತವೆಯೋ ಎಂದು ಕಾಯುತ್ತಿದ್ದೆ.