ಒರೆಸದೆ ತಂದ ಸೀಲು

ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರು ಬಂಡೆ ಕೊರೆಯುವ ಡ್ರಿಲ್ಲುಗಳಿಗೆ ಎಣ್ಣೆ ಸೋರದಂತೆ ತಡೆಯುವ ಸೀಲು, ಪೈಪು ಜೋಡಿಸುವ ಕಪ್ಲಿಂಗ್ ಮಾರುತ್ತಿದ್ದರು. ಯಾರೇ ಬರಲಿ, ಅವರ ಮೊದಲ ಮಾತು ಒಂದೇ: "ಹಳೇದು ತರ್ರಿ, ಒರಸಬ್ಯಾಡ್ರಿ." ಜಿಡ್ಡು ಹಿಡಿದದ್ದನ್ನು ಹಿರಿಯರ ಕೈಗೆ ಕೊಡುವುದು ಹೇಗೆಂದು ನಾನು ಪ್ರತಿಸಲ ಒರೆಸಿಯೇ ಒಯ್ಯುತ್ತಿದ್ದೆ.

ಚಾಕಣದ ಹತ್ತಿರದ ಕ್ವಾರಿಯಲ್ಲಿ ನಮ್ಮ ಡ್ರಿಲ್ಲು ಒಂದೇ ವಾರದಲ್ಲಿ ಮೂರನೆಯ ಸಲ ಸೋರಿತು. ಇನ್ನೊಮ್ಮೆ ಸೋರಿದರೆ ಕೆಲಸಕ್ಕೆ ಬರಬೇಡ ಎಂದ ಮಾಲೀಕ. ಗಾಬರಿಯಲ್ಲಿ ಸೀಲು ಬಿಚ್ಚಿದವನು ಒರೆಸುವುದನ್ನೂ ಮರೆತು ಅವರ ಅಂಗಡಿಗೆ ಓಡಿದೆ.

ಬಳೆಯಂಥ ಆ ರಬ್ಬರಿನ ಸಂದಿಯಲ್ಲಿ ಅವರು ಕಣ್ಣು ಮುಚ್ಚಿ ಉಗುರಾಡಿಸಿದರು. ಉಗುರಿಗೆ ಬೂದು ಪುಡಿ ಹತ್ತಿತು.

"ಎಣ್ಣಿ ನಿಲ್ಲೋ ಜಾಗಾದಾಗ ಕಲ್ಲಿನ ಪುಡಿ ಕುಂತದ ನೋಡ್ರಿ. ಸೀಲ್ ಛಲೋನ ಇತ್ತು. ಉಲ್ಟಾ ಕೂಡಿಸೀರಿ."

ಮೂರೂ ಸಲ ಕೂಡಿಸಿದವನು ನಾನೇ. ಪುಡಿ ಹೊಕ್ಕ ಆ ಸೀಲು ಬಿಟ್ಟು ಹೊಸದನ್ನು ಒಯ್ದು, ಅವರು ತೋರಿಸಿದಂತೆ ತಿರುಗಿಸಿ ಕೂಡಿಸಿದೆ. ಸಂಜೆಯವರೆಗೂ ಒಂದು ಹನಿ ಬೀಳಲಿಲ್ಲ. ಜೀವ ಬಂದಂತಾಗಿ ಅವರಿಗೆ ಫೋನ್ ಮಾಡಿದೆ.

"ಹೌದೇನ್ರಿ?" ಎಂದು ನಕ್ಕರು. "ಹಂಗಾರ ಇನ್ನ ಆರು ತಿಂಗಳು ಅಂಗಡಿ ಕಡೆ ತಲಿ ಹಾಕಬ್ಯಾಡ್ರಿ."